ಮರಿ ತುಂಬಿದ ಹಳೇ ಕಳ್ಳಿ: ಆರಿಸೋದು, ಸಾಕೋದು ಹೇಗೆ?

ಕುಂಡದ ಅಂಚು ದಾಟಿ ಉಬ್ಬಿದ ಕಳ್ಳಿ ಗುಂಪು ಕಂಡರೆ ಆಸೆಯಾಗುತ್ತದೆ, ಅಲ್ವಾ? ಬುಡದಲ್ಲಿ ಒಂದು ಮರಿ, ಆ ಮರಿಗೆ ಇನ್ನೊಂದು ಮರಿ. ಹೀಗೆ ತುಂಬಿಕೊಳ್ಳಲು ಹತ್ತಿಪ್ಪತ್ತು ವರ್ಷ ಬೇಕು. ಕೊಳೆಯಲು ಎರಡು ವಾರ ಸಾಕು.

ಮೊದಲು ಆಯ್ಕೆ. ಹೊಸಬರು ಮೆಕ್ಸಿಕೊ ಮೂಲದ ಮ್ಯಾಮಿಲೇರಿಯಾ ಎಂಬ ಕಳ್ಳಿಗಳಿಂದ ಶುರು ಮಾಡಿ. ಅದರಲ್ಲಿ ಪಾರ್ಕಿನ್‌ಸೋನಿ ಎಂಬ ಜಾತಿಯಲ್ಲಿ ತಲೆಯೇ, ಅಂದರೆ ಗುಂಡನೆಯ ಕಾಂಡವೇ, ಸೀಳಿ ಎರಡಾಗುತ್ತದೆ. ಆಗ ಅದು ಎರಡು ಕಣ್ಣು ಬಿಟ್ಟು ನೋಡುವ ಗೂಬೆಯ ಹಾಗೆಯೇ ಕಾಣುತ್ತದೆ. ಚಿಲಿಯ ಅಟಕಾಮ ಮರುಭೂಮಿಯ ಕೋಪಿಯಾಪೋವಾ ಕಳ್ಳಿ ಬೆಳೆಯುವುದು ಇನ್ನೂ ನಿಧಾನ. ಅದನ್ನು ಕೊಳ್ಳುವಾಗ ಬೀಜದಿಂದ ಬೆಳೆಸಿದ್ದೇ ಎಂದು ಕೇಳಿ. ಕಾಡಿನಿಂದ ಕದ್ದ ಗಿಡಗಳ ದಂಧೆ ಜೋರಾಗಿದೆ. ಇಟಲಿಯಲ್ಲಿ ಸಿಕ್ಕಿಬಿದ್ದ ಎಂಟುನೂರಕ್ಕೂ ಹೆಚ್ಚು ಕೋಪಿಯಾಪೋವಾಗಳನ್ನು 2021ರಲ್ಲಿ ಚಿಲಿಗೆ ವಾಪಸ್ ಕಳಿಸಬೇಕಾಯಿತು.

ಗಿಡ ನೋಡುವಾಗ ಹೂವಿಗೆ ಮರುಳಾಗಬೇಡಿ, ನಡುಭಾಗ ನೋಡಿ. ಮರದ ಕಡ್ಡಿಯಿಂದ ಮಧ್ಯದ ತಲೆಗಳನ್ನು ಮೆಲ್ಲಗೆ ಒತ್ತಿ. ಗಟ್ಟಿಯಿದ್ದರೆ ಸರಿ. ಬುಡದ ಕಂದು ತೊಗಟೆ ಒಣಗಿ ಗಡುಸಾಗಿದ್ದರೆ ಅದು ವಯಸ್ಸು. ಮೆತ್ತಗಿದ್ದರೆ ಕೊಳೆತ. ಮುಳ್ಳಿನ ಗುಬುಟುಗಳ ನಡುವೆ ಬಿಳಿ ಹತ್ತಿ ಕಂಡರೆ ಗಾಬರಿ ಬೇಡ, ಹಲವು ಮ್ಯಾಮಿಲೇರಿಯಾಗಳಿಗೆ ಸಹಜವಾಗಿಯೇ ಉಣ್ಣೆ ಇರುತ್ತದೆ. ಅದು ಸಮನಾಗಿ ಹರಡಿರುತ್ತದೆ. ಹಿಟ್ಟು ತಿಗಣೆ (ರಸ ಹೀರುವ ಮೀಲಿಬಗ್ ಕೀಟ) ಆದರೆ ಅಲ್ಲಲ್ಲಿ ಗಂಟು ಗಂಟಾಗಿ, ಅಂಟಂಟಾಗಿ ಕೂತಿರುತ್ತದೆ.

ಕುಂಡ ಬದಲಿಸುವ ಮುಂಚೆ ಎರಡು ವಾರ ನೀರು ನಿಲ್ಲಿಸಿ. ಗಿಡವನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ, ಕುಂಡ ಓರೆ ಮಾಡಿ ಜಾರಿಸಿ. ತಲೆ ಹಿಡಿದು ಎಳೆದರೆ ಮರಿ ಕೈಗೇ ಬರುತ್ತದೆ! ಬೇರಿನಲ್ಲಿ ಬಿಳಿ ಪುಡಿ ಇದ್ದರೆ ಅಲ್ಲೂ ತಿಗಣೆ ಇರಬಹುದು. ಬೇರು ತೊಳೆದು ಒಂದು ವಾರ ಒಣಗಿಸಿ. ಹೊಸ ಕುಂಡ ಗುಂಪಿಗಿಂತ ಎರಡು ಬೆರಳು ಅಗಲವಿದ್ದರೆ ಸಾಕು, ಆಳ ಜಾಸ್ತಿ ಬೇಡ. ಮಣ್ಣಿನಲ್ಲಿ ಮೂರರಲ್ಲಿ ಎರಡು ಪಾಲು ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು), ಪರ್ಲೈಟ್ (ಹಗುರವಾದ ಬಿಳಿ ಹರಳು) ಅಥವಾ ಸಣ್ಣ ಜಲ್ಲಿ ಇರಲಿ. ನೆಟ್ಟ ಮೇಲೆ ಇನ್ನೊಂದು ವಾರ ನೀರು ಮುಟ್ಟಿಸಬೇಡಿ.

ಇನ್ನು ನೀರು. ನಾನು ಎಡವಿದ್ದು ಇಲ್ಲೇ. ಮೇಲಿಂದ ಸುಮ್ನೆ ಸುರಿಯುತ್ತಿದ್ದೆ. ಒಂದು ದಿನ ನಡುವಿನ ತಲೆಯೊಂದು ಕುಸಿದಿತ್ತು. ಚಿಮಟದಲ್ಲಿ ಎತ್ತಿದರೆ ಒಳಗೆ ಪೊಳ್ಳು, ಕೆಟ್ಟ ವಾಸನೆ. ಪಕ್ಕದ ಆರು ತಲೆಗಳೂ ಹಾಗೇ. ಒತ್ತೊತ್ತಾಗಿ ಬೆಳೆದ ಗುಂಪಿನ ನಡುವೆ ಗಾಳಿ ಆಡುವುದಿಲ್ಲ, ಸಿಕ್ಕಿಕೊಂಡ ನೀರು ಆರುವುದೇ ಇಲ್ಲ. ಈಗ ಕುಂಡವನ್ನು ನೀರಿನ ತಟ್ಟೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ತೆಗೆಯುತ್ತೇನೆ. ಮತ್ತೆ ಯಾವಾಗ ಅಂದರೆ, ತಳದವರೆಗೆ ಚುಚ್ಚಿದ ಕಡ್ಡಿ ಒಣಗಿ ಬಂದಾಗ. ಚಳಿಗಾಲದಲ್ಲಿ ಹೆಚ್ಚುಕಡಿಮೆ ಉಪವಾಸ.

ಕೊಳೆತ ಕಂಡರೆ ಚೂಪಾದ, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಕತ್ತರಿಸಿ. ಕೊಯ್ದ ಜಾಗದಲ್ಲಿ ಕಂದು ಚುಕ್ಕೆ ಒಂದೂ ಉಳಿಯಬಾರದು. ಪ್ರತಿ ಕೊಯ್ತಕ್ಕೂ ಚಾಕು ಒರೆಸಿ. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ಕೆಲವು ದಿನ ನೆರಳಲ್ಲಿ ಒಣಗಲು ಬಿಡಿ. ಗಟ್ಟಿಯಾಗಿ ಉಳಿದ ಬಿಡಿ ಮರಿಗಳನ್ನು ಒಣಗಿಸಿ ಜಲ್ಲಿಯ ಮೇಲೆ ಕೂರಿಸಿದರೆ ಬೇರು ಬಿಡುತ್ತವೆ. ನಡುವೆ ಬಿದ್ದ ಗುಂಡಿಗೆ ಜಲ್ಲಿ ತುಂಬಿ. ನನ್ನ ಗಿಡದಲ್ಲಿ ಆ ಗುಂಡಿ ಇನ್ನೂ ಮುಚ್ಚಿಲ್ಲ.