ನೀತಿ ಸಾಲಿಗೆ ಚೀಟಿ ಅಂಟಿಸಿ ಚಿತ್ರಕಥೆ ಓದಿಸಿದ್ದು

ಚಿತ್ರದುರ್ಗದ ಸರ್ಕಾರಿ ಶಾಲೆಯೊಂದರಲ್ಲಿ ಆರು, ಏಳನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಗ್ರಂಥಾಲಯದ ಅವಧಿಯೂ ನನ್ನದೇ. ಆ ಹೊತ್ತಿನಲ್ಲಿ ಹಳೇ ನೀತಿ ಚಿತ್ರಕಥೆಗಳನ್ನೂ ಈಗಿನವನ್ನೂ ಪಕ್ಕಪಕ್ಕ ಇಟ್ಟು ಓದಿಸುತ್ತೇನೆ. ಹಳೇವೆಲ್ಲ ಬಂದಿದ್ದು ಮಕ್ಕಳ ಮನೆಯ ಅಟ್ಟದಿಂದ, ಗುಜರಿ ಅಂಗಡಿಯಿಂದ.

ಮೊದಲು ಕೊನೆಯ ಚೌಕದ ನೀತಿ ಸಾಲಿನ ಮೇಲೆ ಚೀಟಿ ಅಂಟಿಸಿಬಿಡುತ್ತೇನೆ. ಸುಳ್ಳು ಹೇಳಬೇಡ, ದುರಾಸೆ ಪಡಬೇಡ, ಹಿರಿಯರ ಮಾತು ಕೇಳು. ಈ ಸಾಲು ಅಂದೂ ಅದೇ, ಇಂದೂ ಅದೇ. ಕಾಲ ಬದಲಾಗಿದ್ದು ಕಾಣುವುದು ಚಿತ್ರದಲ್ಲಿ. ಹಾಗಾಗಿ ಮಕ್ಕಳಿಗೆ ಕೇಳುವುದು ಬೇರೆಯೇ: ಅಡುಗೆಮನೆಯಲ್ಲಿ ಯಾರಿದ್ದಾರೆ? ಏಟು ಯಾರಿಗೆ ಬಿತ್ತು? ನಗೋಕೆ ಅಂತ ಯಾರನ್ನು ಇಟ್ಟಿದ್ದಾರೆ?

ಏಟಿನ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ. ಹಳೇ ಕಥೆಯಲ್ಲಿ ಮೇಷ್ಟ್ರ ಕೈಲಿ ಬೆತ್ತ ಇದ್ದೇ ಇರುತ್ತದೆ. ಹುಡುಗ ಕೈ ಚಾಚಿ ಅಳುತ್ತಿದ್ದರೆ ಹಿಂದೆ ಕೂತವರು ನಗುತ್ತಿರುತ್ತಾರೆ. "ಈಗ ಹಿಂಗೆ ಹೊಡಿಯಂಗಿಲ್ಲ ಅಲ್ವಾ ಮೇಡಂ?" ಅಂತ ಒಬ್ಬಳು ಕೇಳಿದಳು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಗ್ಗೆ ಅವತ್ತೇ ಹೇಳಿದೆ. ಮಕ್ಕಳನ್ನು ಹೊಡೆಯುವುದಷ್ಟೇ ಅಲ್ಲ, ಮನಸ್ಸು ನೋಯಿಸುವುದೂ ತಪ್ಪು ಅಂತ ಅದರಲ್ಲಿದೆ. ಹಿಂದೆ ಕೂತು ನಗುವವರನ್ನು ನೋಡಿ ಬೇಜಾರಾಯಿತು ಅಂತ ಹೇಳಿದ್ದು ಕೂಡ ಮಕ್ಕಳೇ.

ಬೇಟೆಯದೂ ಹೀಗೇ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಹುಲಿ ಮೇಲೆ ಕಾಲಿಟ್ಟು ನಿಲ್ಲುವವನು ಮಕ್ಕಳ ಕಥೆಯ ನಾಯಕನಾಗುವುದು ಕಷ್ಟ. ಟಿಂಕಲ್ ಅನ್ನುವ ಮಕ್ಕಳ ಚಿತ್ರಕಥೆ ಪತ್ರಿಕೆಯ ಶಿಕಾರಿ ಶಂಭು ಹೆಸರಲ್ಲಷ್ಟೇ ಶಿಕಾರಿ ಉಳಿಸಿಕೊಂಡ, ಕಾಡುಪ್ರಾಣಿಗಳನ್ನು ಕಾಪಾಡುವ ಕಡೆಗೆ ಬಂದ.

ಬಣ್ಣದ ವಿಷಯಕ್ಕೆ ಮಾತ್ರ ಸಮಯ ಜಾಸ್ತಿ ಕೊಡುತ್ತೇನೆ. ರಾಕ್ಷಸ ಕಪ್ಪು, ರಾಜಕುಮಾರಿ ಬೆಳ್ಳಗೆ. ನಮ್ಮ ತರಗತಿಯ ಮಕ್ಕಳ ಮೈಬಣ್ಣ ಬಿಸಿಲಲ್ಲಿ ಆಡಿದ ಬಯಲುಸೀಮೆ ಮಕ್ಕಳ ಬಣ್ಣ. ಪುಸ್ತಕದಲ್ಲಿ ತಮ್ಮ ಬಣ್ಣ ಹುಡುಕಿದರೆ ಅವರಿಗೆ ಸಿಗುವುದು ಕಳ್ಳ, ಆಳು, ರಾಕ್ಷಸ. ಇದನ್ನು ನೋಡಿಯೂ ಸುಮ್ನೆ ಪುಟ ತಿರುಗಿಸೋಕೆ ನನಗೆ ಆಗುವುದಿಲ್ಲ.

ಹೊಸದೆಲ್ಲ ಒಳ್ಳೆಯದು ಅಂತಲೂ ನಾನು ಹೇಳುವುದಿಲ್ಲ. ನಮ್ಮಲ್ಲಿರುವ ಹೊಸ ಪುಸ್ತಕಗಳಲ್ಲಿ ಅಪ್ಪ ದೋಸೆ ಹುಯ್ಯುತ್ತಾನೆ, ಹುಡುಗಿ ಸೈಕಲ್ ರಿಪೇರಿ ಮಾಡುತ್ತಾಳೆ. ನೋಡೋಕೆ ಖುಷಿ. ಆದರೆ ಅಜ್ಜಿ ಕಾಣುವುದಿಲ್ಲ. ಮಕ್ಕಳು ಒಬ್ಬೊಬ್ಬರೇ ಸಂತೆಗೆ ಹೋಗುವುದಿಲ್ಲ, ಕೆರೆ ಏರಿ ಮೇಲೆ ಓಡುವುದಿಲ್ಲ. ಮನೆ, ಶಾಲೆ, ಪಾರ್ಕು, ಅಷ್ಟೇ. ಹಳೇ ಕಥೆಯ ಮಕ್ಕಳು ಊರೆಲ್ಲ ತಿರುಗುತ್ತಿದ್ದರು.

ಎಲ್ಲಕ್ಕಿಂತ ಜೋರಾಗಿ ಚರ್ಚೆ ನಡೆದದ್ದು ಓಬವ್ವನ ಕಥೆಗೆ. ನಮ್ಮೂರಲ್ಲಿ ಅದನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ಕಾವಲುಗಾರ ಮುದ್ದಹನುಮ ಊಟಕ್ಕೆ ಬರುತ್ತಾನೆ, ಓಬವ್ವ ನೀರು ತರಲು ಹೋಗುತ್ತಾಳೆ, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ನೋಡಿ ಒನಕೆ ಎತ್ತುತ್ತಾಳೆ. "ನೀರು ಅವ್ನೇ ತಗೊಂಡು ಬರಬಾರದಿತ್ತಾ ಮೇಡಂ?" ಅಂದ ಒಬ್ಬ ಹುಡುಗ. ಚಿಕ್ಕಂದಿನಿಂದ ಕೇಳಿದ ಕಥೆ, ನನಗೆ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ.

ಹಾಗಾದರೆ ನೀವೇ ಬರೆಯಿರಿ ಅಂತ ಡ್ರಾಯಿಂಗ್ ಹಾಳೆ ಕೊಟ್ಟೆ. ಒಂದು ಗುಂಪು ಮುದ್ದಹನುಮನ ಕೈಗೇ ಬಿಂದಿಗೆ ಕೊಟ್ಟಿತು. ಆದರೆ ಮೂರನೇ ಚೌಕಕ್ಕೆ ಬಂದು ನಿಂತುಬಿಟ್ಟರು. ನೀರು ಅವನೇ ತಂದರೆ ಓಬವ್ವ ಕಿಂಡಿ ಹತ್ತಿರ ಯಾಕೆ ಹೋಗಬೇಕು? ಅರ್ಧ ಗಂಟೆ ಜಗಳ. ಕೊನೆಗೆ ಓಬವ್ವನ ಬಾಯಲ್ಲಿ ಹೀಗೆ ಬರೆದರು: "ನೀವು ನಿಧಾನ ಉಣ್ರಿ, ಅಲ್ಲೀವರೆಗೂ ಕಾವಲು ನಾನು ನೋಡ್ಕೊಳ್ತೀನಿ."

ಜನ ಹೇಳಿಕೊಂಡು ಬಂದ ಕಥೆಯನ್ನೂ ಅದರ ಪಕ್ಕದಲ್ಲೇ ಬರೆಸಿ, ಎರಡನ್ನೂ ಗೋಡೆಗೆ ಹಾಕಿದ್ದೇವೆ.