3ಡಿ ವಿಡಿಯೊಗೆ ಕನ್ನಡ ಸಬ್‌ಟೈಟಲ್: ಧ್ವನಿ ಒಂದು, ಕಣ್ಣು ಎರಡು

ಶಿಡ್ಲಘಟ್ಟದ ಕಡೆಯ ರೇಷ್ಮೆ ಹುಳುಮನೆಯೊಂದನ್ನು 3ಡಿ ಕ್ಯಾಮೆರಾದಲ್ಲಿ ಹಿಡಿದಿದ್ದೀರಿ ಎನ್ನಿ. ಚಂದ್ರಿಕೆಯ (ಹುಳು ಗೂಡು ಕಟ್ಟುವ ತಟ್ಟೆ) ಮೇಲಿನ ಹುಳು ಕೈಚಾಚಿದರೆ ಸಿಗುವಂತಿದೆ, ಪಕ್ಕದಲ್ಲಿ ರೈತರು ಮಾತಾಡುತ್ತಿದ್ದಾರೆ. ಆ ಮಾತಿಗೆ ಸಬ್‌ಟೈಟಲ್ ಬೇಕು. ಚಿತ್ರ ಎರಡು ಕಣ್ಣಿನದಾದರೂ ಧ್ವನಿ ಒಂದೇ, ಆದ್ದರಿಂದ ಮಾತನ್ನು ಬರಹಕ್ಕಿಳಿಸುವ ತನಕ 3ಡಿಯ ಗೊಡವೆಯೇ ಇಲ್ಲ. ತೊಡಕಿರುವುದು ಎರಡು ಕಡೆ: ನಮ್ಮ ಸೀಮೆಯ ಮಾತು ಯಂತ್ರದ ಕಿವಿಗೆ ಬೀಳುವಾಗ, ಆಮೇಲೆ ಅಕ್ಷರವನ್ನು ಪರದೆಯ ಮೇಲೆ ಕೂರಿಸುವಾಗ.

ಧ್ವನಿ ಬೇರ್ಪಡಿಸುವುದು

ಎಡಿಟ್ ಮುಗಿದ ವಿಡಿಯೊದಿಂದಲೇ ಧ್ವನಿ ತೆಗೆಯಿರಿ. ಕ್ಯಾಮೆರಾದ ಮೂಲ ಫೈಲಿನಿಂದ ತೆಗೆದರೆ, ಎಡಿಟ್‌ನಲ್ಲಿ ಕತ್ತರಿಸಿದಷ್ಟೂ ಸಮಯ ಹಿಂದುಮುಂದಾಗುತ್ತದೆ. ಕಮಾಂಡ್ ಬರೆದು ಓಡಿಸುವ ಉಚಿತ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ 16,000 ಹರ್ಟ್ಸ್, ಒಂದೇ ಚಾನೆಲ್, 16 ಬಿಟ್ ವೇವ್ ಫೈಲ್ ಮಾಡಿಕೊಳ್ಳಿ. ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ವಿಸ್ಪರ್ ಹೇಗೂ ಧ್ವನಿಯನ್ನು 16,000ಕ್ಕೆ ಇಳಿಸಿಕೊಂಡೇ ಕೇಳುವುದು. ಒಂದು ಗಂಟೆಯ ಧ್ವನಿ ಸುಮಾರು 115 ಎಂಬಿ ಆಗುತ್ತದೆ.

ವಿಆರ್ ಕ್ಯಾಮೆರಾ ನಾಲ್ಕು ಚಾನೆಲ್‌ಗಳ ಆಂಬಿಸೋನಿಕ್ ಧ್ವನಿ (ಸುತ್ತಲಿನ ಸದ್ದನ್ನು ದಿಕ್ಕಿನ ಸಮೇತ ಹಿಡಿಯುವ ಬಗೆ) ದಾಖಲಿಸಿದ್ದರೆ ನಾಲ್ಕನ್ನೂ ಕಲಸಿ ಒಂದು ಮಾಡಬೇಡಿ. ಮೊದಲನೆಯದರಲ್ಲಿ ಎಲ್ಲ ದಿಕ್ಕಿನ ಧ್ವನಿಯೂ ಸಮನಾಗಿರುತ್ತದೆ, ಉಳಿದ ಮೂರು ಚಾನೆಲ್‌ಗಳು ದಿಕ್ಕು ಹೇಳುವಂಥವು. ಕಲಸಿದರೆ ಒಂದು ಕಡೆಯಿಂದ ಬಂದ ಮಾತು ಜೋರಾಗಿ, ಎದುರು ಕಡೆಯದು ಸಣ್ಣಗಾಗುತ್ತದೆ. ಎಫ್‌ಎಫ್‌ಎಂಪೆಗ್‌ನ ಪ್ಯಾನ್ ಫಿಲ್ಟರ್ ಹಾಕಿ ಮೊದಲ ಚಾನೆಲ್ ಮಾತ್ರ ತೆಗೆದುಕೊಳ್ಳಿ. ನಂದಿಬೆಟ್ಟದಂಥ ಕಡೆ ಚಿತ್ರೀಕರಿಸಿದ್ದರೆ ಗಾಳಿಯ ಗುಂಯ್ ಸದ್ದಿರುತ್ತದೆ. 100 ಹರ್ಟ್ಸ್‌ನ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ) ಫಿಲ್ಟರ್‌ನಿಂದ ಅದು ಬಹುಪಾಲು ತಗ್ಗುತ್ತದೆ.

ಯಂತ್ರಕ್ಕೆ ಕೇಳಿಸುವುದು

ಕಮಾಂಡ್ ಬರೆಯುವುದು ಬೇಡ ಎನ್ನುವವರಿಗೆ ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದ ಒಳಗೇ ವಿಸ್ಪರ್ ಸಿಗುತ್ತದೆ. ವಿಸ್ಪರ್ ಹಲವು ಗಾತ್ರದ ಮಾದರಿಗಳಲ್ಲಿ ಬರುತ್ತದೆ; ಕನ್ನಡಕ್ಕೆ ಚಿಕ್ಕವಾದ ಟೈನಿ, ಬೇಸ್ ದಂಡ. ಮೀಡಿಯಂಗೆ ಸುಮಾರು 5 ಜಿಬಿ, ಲಾರ್ಜ್‌ಗೆ ಸುಮಾರು 10 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು. ಅದರದೇ ಹಗುರ ರೂಪವಾದ ಫಾಸ್ಟರ್ ವಿಸ್ಪರ್ ಬಳಸಿದರೆ ಇನ್ನೂ ಕಡಿಮೆಯಲ್ಲಿ ಆಗುತ್ತದೆ.

ಭಾಷೆಯನ್ನು 'ಆಟೊ'ಗೆ ಬಿಡಬೇಡಿ. ವಿಸ್ಪರ್ ಮೊದಲ 30 ಸೆಕೆಂಡು ಕೇಳಿ ಭಾಷೆ ನಿರ್ಧರಿಸಿಬಿಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನಮಸ್ಕಾರ ಕನ್ನಡದಲ್ಲಿ, ಕುಶಲ ತೆಲುಗಿನಲ್ಲಿ ನಡೆಯುವುದು ಮಾಮೂಲು. ಆರಂಭದಲ್ಲಿ ಯಾರೋ 'ಏಮಪ್ಪಾ' ಎಂದರೆ ಇಡೀ ಫೈಲು ತೆಲುಗು ಲಿಪಿಯಲ್ಲಿ ಬಂದು ಕೂರಬಹುದು. ಕನ್ನಡ ಎಂದು ಕೈಯಾರೆ ಆರಿಸಿ. ಮಧ್ಯೆ ಐದು ನಿಮಿಷ ಬರೀ ತೆಲುಗು ನಡೆದಿದ್ದರೆ ಆ ತುಂಡನ್ನು ಕತ್ತರಿಸಿ ಬೇರೆಯಾಗಿ ಓಡಿಸುವುದೇ ಮೇಲು.

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದು ತಡವಾಗಿ. ವಿಸ್ಪರ್ 30 ಸೆಕೆಂಡಿನ ಕಿಟಕಿಯಲ್ಲಿ ಕೆಲಸ ಮಾಡುತ್ತದೆ, ಒಂದು ಕಿಟಕಿಯಲ್ಲಿ ಸುಮಾರು 224 ಟೋಕನ್ (ಯಂತ್ರ ಬರಹವನ್ನು ಒಡೆದುಕೊಳ್ಳುವ ಚೂರು) ಮಾತ್ರ ಬರೆಯಬಲ್ಲದು. ಇಂಗ್ಲಿಷಿಗೆ ಅದು ಧಾರಾಳ. ಕನ್ನಡ ಲಿಪಿಯ ಒಂದೊಂದು ಅಕ್ಷರಕ್ಕೂ ಹಲವು ಟೋಕನ್ ಖರ್ಚಾಗುತ್ತವೆ. ಹೀಗಾಗಿ ಬಿರುಸಾಗಿ ಮಾತಾಡುವವರ ಕೊನೆಯ ವಾಕ್ಯಗಳು ಸದ್ದಿಲ್ಲದೆ ಮಾಯವಾಗಬಹುದು. ಮಾತಿರುವ ಜಾಗವನ್ನಷ್ಟೇ ಗುರುತಿಸುವ ವಿಎಡಿ ಫಿಲ್ಟರ್ ಹಾಕಿ ಧ್ವನಿಯನ್ನು 10–15 ಸೆಕೆಂಡಿನ ತುಂಡು ಮಾಡಿ ಕೊಡುವುದು ಇದಕ್ಕೆ ಮದ್ದು. ಮೌನವಿದ್ದ ಕಡೆ ಯಂತ್ರ ತಾನೇ ಮಾತು ಹುಟ್ಟಿಸುವ ರೋಗವೂ ಅದರಿಂದ ಕಡಿಮೆಯಾಗುತ್ತದೆ. ಒಂದೇ ಸಾಲು ಹತ್ತು ಸಲ ಮರುಕಳಿಸಿದರೆ 'ಹಿಂದಿನ ಬರಹವನ್ನು ಆಧರಿಸು' ಎಂಬ ಆಯ್ಕೆಯನ್ನು ತೆಗೆಯಿರಿ.

ಆರಂಭಿಕ ಸೂಚನೆಯ ಜಾಗದಲ್ಲಿ ಹಿಪ್ಪುನೇರಳೆ, ಚಂದ್ರಿಕೆ, ಗೂಡು, ಶಿಡ್ಲಘಟ್ಟ ಹೀಗೆ ಹತ್ತು ಹನ್ನೆರಡು ಪದ ಬರೆದುಕೊಡಿ. ಅಲ್ಲಿಯೂ 224 ಟೋಕನ್ನಿನ ಮಿತಿಯೇ. ಪಟ್ಟಿ ಉದ್ದವಾದರೆ ಮೊದಲ ಪದಗಳು ಬಿದ್ದುಹೋಗುತ್ತವೆ.

ತಿದ್ದುವುದು

ಅರ್ಧ ಸಮಯ ಇಲ್ಲಿಗೇ ಇಟ್ಟುಕೊಳ್ಳಿ. 'ಓಯ್ತೀನಿ', 'ಬಂದವ್ನೆ' ಎಂದಿದ್ದನ್ನು ಯಂತ್ರ ಗ್ರಂಥಸ್ಥ ಮಾಡಿಟ್ಟಿದ್ದರೆ ಆಡಿದಂತೆಯೇ ಬರೆಯಿರಿ. ತುಟಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ನೋಡುವವರಿಗೆ ಕಿರಿಕಿರಿ. ಇಂಗ್ಲಿಷ್ ಅನುವಾದವನ್ನೂ ವಿಸ್ಪರ್‌ನಿಂದಲೇ ಮಾಡಿಸುವುದಾದರೆ ಟರ್ಬೊ ಮಾದರಿ ಬೇಡ, ಅದಕ್ಕೆ ಅನುವಾದದ ತರಬೇತಿಯಿಲ್ಲ. ಬೇರೆ ಮಾದರಿಯಲ್ಲಿ ಮಾಡಿಸಿದರೂ ಕಸುಬಿನ ಮಾತಿನ ಮೇಲೆ ಕಣ್ಣಿಡಿ: ಹುಳು 'ಜ್ವರಕ್ಕೆ ಕೂತಿದೆ' ಎಂದರೆ ಪೊರೆ ಬಿಡುತ್ತಿದೆ ಎಂದರ್ಥ, ಕಾಯಿಲೆಯಲ್ಲ. 'ಹಣ್ಣಾದ ಹುಳು' ಎಂದರೆ ಗೂಡು ಕಟ್ಟಲು ಸಿದ್ಧವಾದದ್ದು, ಅದು ತಿನ್ನುವ ಹಣ್ಣಾಗಿಬಿಟ್ಟರೆ ನಗೆಪಾಟಲು.

ಸಾಲಿಗೆ ಸುಮಾರು 30 ಅಕ್ಷರ, ಒಂದು ಸಲಕ್ಕೆ ಎರಡೇ ಸಾಲು, ಕನಿಷ್ಠ 1 ಸೆಕೆಂಡು, ಗರಿಷ್ಠ 7. ಸಬ್‌ಟೈಟಲ್‌ನ ಸರಳ ಪಠ್ಯರೂಪವಾದ ಎಸ್‌ಆರ್‌ಟಿ ಫೈಲಿನಲ್ಲಿ ಕ್ರಮಸಂಖ್ಯೆ, ಅದರ ಕೆಳಗೆ ಸಮಯ, ಆಮೇಲೆ ಮಾತು, ಕೊನೆಗೊಂದು ಖಾಲಿ ಸಾಲು:

12
00:01:12,400 --> 00:01:15,900
ಇದು ಮೂರ್ನೇ ಜ್ವರ, ಸೊಪ್ಪು ಹಾಕ್ಬಾರ್ದು

ಮಿಲಿಸೆಕೆಂಡಿನ ಮುಂದೆ ಅಲ್ಪವಿರಾಮವೇ ಬರಬೇಕು, ಚುಕ್ಕಿಯಲ್ಲ. ಯುಟಿಎಫ್-8ರಲ್ಲಿ ಉಳಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಎರಡು ಕಣ್ಣಿಗೆ ಕೂರಿಸುವುದು

ಎಡ-ಬಲ ಜೋಡಿಸಿದ ವಿಡಿಯೊವನ್ನು 3ಡಿ ಅರಿಯದ ಪ್ಲೇಯರ್‌ನಲ್ಲಿ ಹಾಕಿದರೆ ಸಬ್‌ಟೈಟಲ್ ನಟ್ಟನಡುವೆ ಬಂದು, ಅರ್ಧ ಸಾಲು ಎಡಗಣ್ಣಿಗೆ, ಇನ್ನರ್ಧ ಬಲಗಣ್ಣಿಗೆ ಹೋಗುತ್ತದೆ. ಮೊದಲು ಕೋಡಿಯಂಥ ಪ್ಲೇಯರ್‌ನಲ್ಲಿ ನೋಡಿ. ಅದು ಎರಡೂ ಕಣ್ಣಿಗೆ ತಾನೇ ಬರೆಯುತ್ತದೆ, ಆಳವನ್ನೂ ಹೊಂದಿಸಬಹುದು. ಅಷ್ಟು ಸಾಕಾದರೆ ಮುಂದಿನದು ಬೇಡ.

ಬೇಕಾದವರು ಈಜಿಸಬ್ ಎಂಬ ಸಬ್‌ಟೈಟಲ್ ತಂತ್ರಾಂಶದಲ್ಲಿ ಎಎಸ್‌ಎಸ್ ಫೈಲ್ (ಅಕ್ಷರದ ಜಾಗ, ಅಳತೆಯನ್ನೂ ಹೇಳುವ ಸಬ್‌ಟೈಟಲ್ ರೂಪ) ಮಾಡಿ. 1920×1080ರ ಅರ್ಧ ಎಡ-ಬಲ ವಿಡಿಯೊಗೆ (ಪ್ರತಿ ಕಣ್ಣಿನ ಚಿತ್ರ ಅರ್ಧ ಅಗಲಕ್ಕೆ ಕುಗ್ಗಿರುವುದು) ಸ್ಕ್ರಿಪ್ಟ್ ರೆಸಲ್ಯೂಶನ್ನೂ ಅಷ್ಟೇ ಇರಲಿ. ಎರಡು ಸ್ಟೈಲ್ ಮಾಡಿ, ಎರಡಕ್ಕೂ ಜೋಡಣೆ ಕೆಳಗೆ ನಡುವೆ, ಅಡ್ಡ ಅಳತೆ 50 ಶೇಕಡಾ. 'ಎಡ' ಸ್ಟೈಲಿಗೆ ಎಡ ಅಂಚು 70, ಬಲ ಅಂಚು 1020. 'ಬಲ' ಸ್ಟೈಲಿಗೆ ಎಡ ಅಂಚು 1020, ಬಲ ಅಂಚು 70. ಎಲ್ಲ ಸಾಲುಗಳಿಗೂ 'ಎಡ' ಕೊಟ್ಟು, ಪೂರ್ತಿ ನಕಲು ಮಾಡಿ, ನಕಲಿಗೆ 'ಬಲ' ಕೊಡಿ. ಅಂಚು ಸಮನಾಗಿ 60 ಇದ್ದಿದ್ದರೆ ಅಕ್ಷರ ಪರದೆಯ ಮಟ್ಟದಲ್ಲೇ ನಿಲ್ಲುತ್ತಿತ್ತು. 70 ಮಾಡಿದ್ದರಿಂದ ಪ್ರತಿ ಕಣ್ಣಿನಲ್ಲಿ 5 ಪಿಕ್ಸೆಲ್ ಒಳಕ್ಕೆ ಸರಿದು, ಪರದೆಯಿಂದ ಸ್ವಲ್ಪ ಮುಂದೆ ತೇಲುತ್ತದೆ. ಪೂರ್ಣ 3840 ಅಗಲದ ವಿಡಿಯೊ ಆದರೆ ಅಂಚುಗಳನ್ನು ದುಪ್ಪಟ್ಟು ಮಾಡಿ, ಅಳತೆ 100ಕ್ಕೆ ತನ್ನಿ.

ಮುಂದೆ ತೇಲಿಸುವುದು ಅಲಂಕಾರಕ್ಕಲ್ಲ. ಹುಳು ಪರದೆಯಿಂದ ಹೊರಚಾಚಿದಂತಿದ್ದು, ಅದರ ಮೇಲೆ ಬರೆದ ಅಕ್ಷರ ಹಿಂದೆ ನಿಂತರೆ ಮಿದುಳಿಗೆ ಗೊಂದಲ, ಹತ್ತು ನಿಮಿಷದಲ್ಲಿ ತಲೆನೋವು. ಹಾಗಂತ ಅತಿ ಮುಂದೆ ತಂದರೂ ಕಣ್ಣು ಸೋಲುತ್ತದೆ. ಎರಡೂ ಕಣ್ಣಿನದು ಸೇರಿ, ಚಿತ್ರದ ಅಗಲದ ಸುಮಾರು 1 ಶೇಕಡಾ ಸರಿದರೆ ಸಾಕು.

ಹೆಡ್‌ಸೆಟ್ ಹಾಕಿಕೊಂಡು 180 ಡಿಗ್ರಿ ನೋಡುವ ವಿಆರ್180 ವಿಡಿಯೊಗೆ ಈ ಉಪಾಯ ಬೇಡ. ಎಸ್‌ಆರ್‌ಟಿಯನ್ನು ವಿಡಿಯೊದ ಹೆಸರಿನಲ್ಲೇ ಪಕ್ಕದಲ್ಲಿಟ್ಟು, ಬರೆಯುವ ಕೆಲಸ ಹೆಡ್‌ಸೆಟ್‌ನ ಪ್ಲೇಯರಿಗೆ ಬಿಡಿ.

ಅಕ್ಷರವನ್ನು ವಿಡಿಯೊದೊಳಗೇ ಅಚ್ಚೊತ್ತುವುದಾದರೆ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಕೊಟ್ಟು, ಎಫ್‌ಎಫ್‌ಎಂಪೆಗ್‌ನ ಎಎಸ್‌ಎಸ್ ಫಿಲ್ಟರ್‌ನಲ್ಲಿ ಶೇಪಿಂಗ್ (ಅಕ್ಷರ ಜೋಡಿಸುವ ವಿಧಾನ) ಅನ್ನು 'ಕಾಂಪ್ಲೆಕ್ಸ್' ಎಂದು ಇಡಿ. ಇಲ್ಲದಿದ್ದರೆ ಒತ್ತಕ್ಷರ ಒಡೆದು 'ಸೊಪ್ಪು' ಎಂಬಲ್ಲಿ ಪಕಾರಗಳು ಬಿಡಿಬಿಡಿಯಾಗಬಹುದು. ಇಡೀ ವಿಡಿಯೊ ಓಡಿಸುವ ಮುನ್ನ 30 ಸೆಕೆಂಡಿನ ತುಂಡು ಮಾಡಿ 3ಡಿಯಲ್ಲಿ ನೋಡಿ. ಅಕ್ಷರ ಮುಂದೆ ಬರುವ ಬದಲು ಹಿಂದಕ್ಕೆ ಹೂತಂತೆ ಕಂಡರೆ ಒಂದು ಕಣ್ಣು ಮುಚ್ಚಿ ಪರೀಕ್ಷಿಸಿ: ಎಡಗಣ್ಣಿಗೆ ಬಲ ಭಾಗದ ಚಿತ್ರ ಬರುತ್ತಿದ್ದರೆ ವಿಡಿಯೊದಲ್ಲೋ ಪ್ಲೇಯರಿನಲ್ಲೋ ಕಣ್ಣು ಅದಲುಬದಲಾಗಿದೆ. ಮೊದಲು ಅದನ್ನು ತಿದ್ದಿ, ಸಬ್‌ಟೈಟಲ್ ಮುಟ್ಟಬೇಡಿ.