ಕೇಸು ಬಾರದಂತೆ ಕ್ಲಿನಿಕ್ ನಡೆಸುವುದು: ಕಾಸರಗೋಡಿನ ವೈದ್ಯರಿಗೆ

ಚಿಕಿತ್ಸೆ ಫಲಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ವೈದ್ಯರ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ವೈದ್ಯರು ಸಿಕ್ಕಿಬೀಳುವುದು ಬೇರೆ ಕಡೆ: ಹೇಳಿದ್ದನ್ನು ಬರೆದಿಟ್ಟಿರುವುದಿಲ್ಲ, ಬರೆದದ್ದು ರೋಗಿಗೆ ಅರ್ಥವಾಗಿರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಎರಡನೆಯದೇ ದೊಡ್ಡ ತೊಡಕು. ಬದಿಯಡ್ಕದಲ್ಲೋ ಉಪ್ಪಳದಲ್ಲೋ ಬೆಳಗ್ಗೆ ಹೊರರೋಗಿಗಳನ್ನು ನೋಡಲು (ಒ.ಪಿ.) ಕುಳಿತರೆ ಒಂದೇ ದೂರು ಹೊಟ್ಟೆನೋವು, ಬಂಜಿ ಬೇನೆ, ವಯರುವೇದನ ಎಂದು ಕನ್ನಡ, ತುಳು, ಮಲಯಾಳದ ಮೂರು ಹೆಸರಲ್ಲಿ ಬರುತ್ತದೆ.

ಹಾಗಾಗಿ ಕೇಸ್‌ಶೀಟಿನ ಮೇಲ್ಭಾಗದಲ್ಲಿ ವಯಸ್ಸು, ತೂಕ, ಅಲರ್ಜಿಯ ಜೊತೆಗೆ ರೋಗಿಯ ಭಾಷೆಯನ್ನೂ ಬರೆಯಿರಿ. ತುಳು ಮಾತಾಡುವವರು ಓದುವುದು ಕನ್ನಡವನ್ನೋ ಮಲಯಾಳವನ್ನೋ ಎಂದು ಕೇಳಿಕೊಳ್ಳಿ. ನಡುವೆ ನಿಂತು ಮಾತು ದಾಟಿಸಿದವರು ನರ್ಸೇ ಆಗಲಿ, ಮಗನೇ ಆಗಲಿ, ಅವರ ಹೆಸರು ಇರಲಿ. "ಅರ್ಥ ಆಯ್ತಾ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. "ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೊಳ್ತೀರಿ, ಹೇಳಿ" ಎಂದು ಕೇಳಿದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ.

"ಹೊಟ್ಟೆನೋವು, ಗ್ಯಾಸ್, ಪ್ಯಾಂಟೊಪ್ರಜೋಲ್ 40" ಎಂದಷ್ಟೇ ಬರೆದ ಚೀಟಿ ಎರಡು ದಿನದ ಮೇಲೆ ಅಪೆಂಡಿಕ್ಸ್ ಒಡೆದಾಗ ನಿಮ್ಮ ಪರವಾಗಿ ಏನೂ ಹೇಳುವುದಿಲ್ಲ. ಅದೇ ಚೀಟಿ ಹೀಗಿದ್ದರೆ: "ಬೆಳಗ್ಗೆ 6ರಿಂದ ಹೊಕ್ಕುಳ ಸುತ್ತ ನೋವು, ಒಂದು ಸಲ ವಾಂತಿ. ಜ್ವರ ಇಲ್ಲ, ನಾಡಿ 84. ಬಲ ಕೆಳಹೊಟ್ಟೆ ಒತ್ತಿದರೆ ನೋವಿಲ್ಲ. ನೋವು ಬಲಕ್ಕೆ ಇಳಿದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ ಇವತ್ತು ರಾತ್ರಿಯೇ ಬರಬೇಕೆಂದು ತುಳುವಿನಲ್ಲಿ ಹೇಳಿದೆ." ಎರಡು ನಿಮಿಷದ ಕೆಲಸ. ನೋಡಿ ಇಲ್ಲವೆಂದು ಕಂಡದ್ದನ್ನೂ ಬರೆಯಬೇಕು, ಮುಖ್ಯವಾದದ್ದು ಅದೇ.

ಬರೆದದ್ದು ತಪ್ಪಾದರೆ ಒಂದು ಗೆರೆ ಎಳೆದು, ತಾರೀಕು, ಗಂಟೆ, ಸಹಿ ಹಾಕಿ. ವೈಟ್‌ನರ್ ಬೇಡ. ನೋಟೀಸು ಬಂದ ಮೇಲಂತೂ ಹಳೆಯ ಹಾಳೆಗೆ ಪೆನ್ನು ತಾಗಿಸಲೇಬಾರದು. ಚಿಕಿತ್ಸೆ ಸರಿಯಿದ್ದರೂ ದಾಖಲೆ ತಿದ್ದಿದ ಅನುಮಾನ ಅದನ್ನು ಮುಳುಗಿಸುತ್ತದೆ. 2002ರ ವೈದ್ಯಕೀಯ ನಡವಳಿಕೆ ನಿಯಮದಂತೆ ಒಳರೋಗಿಗಳ ದಾಖಲೆ 3 ವರ್ಷ ಇರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮಕ್ಕಳ ದಾಖಲೆಯನ್ನು ಇನ್ನೂ ಹೆಚ್ಚು ಕಾಲ ಇಡುವುದು ಒಳ್ಳೆಯದು.

ಮಕ್ಕಳ ಔಷಧದಲ್ಲಿ ಬರೀ ಮಿ.ಲೀ. ಬರೆಯುವ ಅಭ್ಯಾಸ ಅಪಾಯದ್ದು. 10 ಕಿಲೋ ಮಗುವಿಗೆ ಪ್ಯಾರಾಸಿಟಮಾಲ್ ಕಿಲೋಗೆ 15ರಂತೆ 150 ಮಿ.ಗ್ರಾಂ. ಅದು 5 ಮಿ.ಲೀ.ಗೆ 250 ಇರುವ ಸಿರಪ್ಪಿನಲ್ಲಿ 3 ಮಿ.ಲೀ., 120 ಇರುವುದರಲ್ಲಿ ಸುಮಾರು 6 ಮಿ.ಲೀ., 1 ಮಿ.ಲೀ.ಗೆ 100 ಇರುವ ಡ್ರಾಪ್ಸ್‌ನಲ್ಲಿ ಒಂದೂವರೆ. 120ರ ಸಿರಪ್ ಮನಸ್ಸಿನಲ್ಲಿಟ್ಟು ಬರೆದ "6 ಮಿ.ಲೀ." ಮೆಡಿಕಲ್‌ನಲ್ಲಿ ಡ್ರಾಪ್ಸ್ ಆದರೆ 600 ಮಿ.ಗ್ರಾಂ. ಮಗುವಿನ ಹೊಟ್ಟೆ ಸೇರುತ್ತದೆ. ಸಾಂದ್ರತೆ, ಮಿ.ಗ್ರಾಂ., ಮಿ.ಲೀ. ಮೂರನ್ನೂ ಬರೆಯಿರಿ.

ಇಂಜೆಕ್ಷನ್ ಕೊಡುವ ಕ್ಲಿನಿಕ್ಕಿನಲ್ಲಿ ಅಡ್ರಿನಲಿನ್ ಬೀರುವಿನೊಳಗಲ್ಲ, ಟ್ರೇಯಲ್ಲೇ ಇರಬೇಕು. ಅನಾಫಿಲ್ಯಾಕ್ಸಿಸ್ (ಜೀವಕ್ಕೆ ಅಪಾಯ ತರುವ ತೀವ್ರ ಅಲರ್ಜಿ) ಆದರೆ ದೊಡ್ಡವರಿಗೆ 1:1000 ಸಾಂದ್ರತೆಯ ಅಡ್ರಿನಲಿನ್ 0.5 ಮಿ.ಲೀ., ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ. ಆ್ಯಂಪೂಲಿನ ಎಕ್ಸ್‌ಪೈರಿ ತಿಂಗಳಿಗೊಮ್ಮೆ ನೋಡಿ, ನೋಡಿದ್ದಕ್ಕೆ ಸಹಿ ಹಾಕಿಸಿ.

ಒಪ್ಪಿಗೆ ಪತ್ರವನ್ನು ರೋಗಿ ಓದಬಲ್ಲ ಲಿಪಿಯಲ್ಲೇ ಕೊಡಿ. ಮಲಯಾಳದ ಫಾರಮ್ಮಿನ ಕೆಳಗೆ ಕನ್ನಡದಲ್ಲಿ ಹಾಕಿದ ಸಹಿ ನೋಡಿದರೆ ವಕೀಲರು ಕೇಳುವ ಮೊದಲ ಪ್ರಶ್ನೆ ಏನೆಂದು ಬೇರೆ ಹೇಳಬೇಕಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪರೀಕ್ಷೆಗೆಂದು ಪಡೆದ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ನಡೆಯುವುದಿಲ್ಲ; ಜೀವಕ್ಕೆ ತುರ್ತು ಇಲ್ಲದಾಗ ಅರಿವಳಿಕೆಯಲ್ಲಿರುವ ರೋಗಿಯ ಬದಲಿಗೆ ಹೊರಗೆ ಕುಳಿತ ತಾಯಿ ಒಪ್ಪಿದರೆ ಸಾಲದು.

ಮಂಗಳೂರಿಗೆ ಕಳಿಸುವಾಗ "ಹೆಚ್ಚಿನ ಚಿಕಿತ್ಸೆಗಾಗಿ" ಎಂಬ ಒಂದು ಸಾಲು ಸಾಲದು. ಎದೆನೋವಿನ ರೋಗಿಯಾದರೆ: ನೋವು ಶುರುವಾದ ಗಂಟೆ, ಬಂದ ಗಂಟೆ, ಬಿಪಿ, ನಾಡಿ, ಆಮ್ಲಜನಕದ ಮಟ್ಟ, ಇಸಿಜಿ ಪ್ರತಿ, ಆಸ್ಪಿರಿನ್ 300 ಕೊಟ್ಟ ಗಂಟೆ, ಅಲ್ಲಿ ಫೋನು ತೆಗೆದ ವೈದ್ಯರ ಹೆಸರು, ಹೊರಟ ಗಂಟೆ. ಪತ್ರದ ಫೋಟೋ ನಿಮ್ಮಲ್ಲಿರಲಿ. "ನಾಳೆ ಹೋಗ್ತೇವೆ" ಎಂದು ಮನೆಯವರು ಹಟ ಹಿಡಿದರೆ ಆ ಮಾತು, ನೀವು ತಿಳಿಸಿದ ಅಪಾಯ ಎರಡನ್ನೂ ಬರೆದು ಸಹಿ ಪಡೆಯಿರಿ. ಸಹಿ ಹಾಕುವುದಿಲ್ಲ ಎಂದರೆ ಅದನ್ನೇ ಬರೆದು ಸಾಕ್ಷಿ ಹಾಕಿಸಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸಿಸುವ ಊರಿನ ಗ್ರಾಹಕ ಆಯೋಗಕ್ಕೇ ಹೋಗಬಹುದು. ಮಂಜೇಶ್ವರದಲ್ಲಿ ಕೊಟ್ಟ ಚಿಕಿತ್ಸೆಗೆ ತಲಪಾಡಿಯಾಚೆಯ ರೋಗಿ ಮಂಗಳೂರಿನಲ್ಲಿ ದೂರು ಕೊಡಬಹುದು; ಸಾಮಾನ್ಯ ಅವಧಿ 2 ವರ್ಷ. ವೃತ್ತಿಪರ ವಿಮೆಯ ಪಾಲಿಸಿ ಸಾಮಾನ್ಯವಾಗಿ ದೂರು ಬಂದ ದಿನ ಚಾಲ್ತಿಯಲ್ಲಿರಬೇಕು, ಚಿಕಿತ್ಸೆಯ ದಿನ ಮಾತ್ರ ಇದ್ದರೆ ಸಾಲದು. ನವೀಕರಣ ತಪ್ಪಿದರೆ ಹಿಂದಿನ ವರ್ಷಗಳ ರಕ್ಷಣೆಯೂ ಹೋಗಬಹುದು. ವಕೀಲರ ನೋಟೀಸು ಕೈಗೆ ಬಂದ ದಿನವೇ ವಿಮೆಯವರಿಗೆ ಲಿಖಿತವಾಗಿ ತಿಳಿಸಿ. ರೋಗಿಯ ಮನೆಗೆ ನೀವೇ ಫೋನು ಮಾಡಿ ವಾದಕ್ಕಿಳಿಯಬೇಡಿ. ಆಯೋಗದ ನೋಟೀಸಾದರೆ ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನು 15. ನಲವತ್ತಾರನೆಯ ದಿನ ಒಯ್ದ ಉತ್ತರವನ್ನು ಅವರು ತೆಗೆದುಕೊಳ್ಳುವುದಿಲ್ಲ.